ಸಂತೋಷಕ್ಕಾಗಿ ಓದಿದ ಕಾದಂಬರಿಗೆ ವಿಮರ್ಶೆ ಬರೆಯುವುದು ಹೇಗೆ? ಪ್ರಕಾರಕ್ಕೆ ತಕ್ಕ ಅಳತೆಗೋಲು ಹುಡುಕುವವರಿಗೊಂದು ಸಮಗ್ರ ಮಾರ್ಗದರ್ಶಿ

ಪರೀಕ್ಷೆಗಾಗಲಿ ಸಂಶೋಧನೆಗಾಗಲಿ ಅಲ್ಲದೆ ಬರೀ ಸಂತೋಷಕ್ಕಾಗಿ ಕಾದಂಬರಿ ಓದುವವರಿಂದಲೇ ಕನ್ನಡ ಕಾದಂಬರಿ ಇಷ್ಟು ಹುಲುಸಾಗಿ ಬೆಳೆದಿದೆ. 'ಸುಧಾ', 'ತರಂಗ'ಗಳ ಧಾರಾವಾಹಿಯ ಮುಂದಿನ ಕಂತಿಗಾಗಿ ವಾರವಿಡೀ ಕಾದವರು, ಬಾಡಿಗೆ ಲೈಬ್ರರಿಯಿಂದ ತಂದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ರಾತ್ರಿ ಬೆಳಗಾಗುವುದರೊಳಗೆ ಮುಗಿಸಿ ಹಿಂದಿರುಗಿಸಿದವರು, ತ್ರಿವೇಣಿಯವರ ಕಾದಂಬರಿಗಳನ್ನು ಕೈಯಿಂದ ಕೈಗೆ ದಾಟಿಸಿದ ಹೆಣ್ಣುಮಕ್ಕಳು, ಇವರೆಲ್ಲ ಆ ಓದುಗವರ್ಗದ ಭಾಗ. ಆದರೆ ಹೀಗೆ ಪ್ರೀತಿಯಿಂದ ಓದಿದ್ದರ ಬಗ್ಗೆ ಬರೆಯಲು ಕುಳಿತಾಗ ಹೆಚ್ಚಿನ ಬರಹಗಳು ಎರಡೇ ದಾರಿ ಹಿಡಿಯುತ್ತವೆ. ಒಂದೋ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ 'ಎಲ್ಲರೂ ಓದಲೇಬೇಕಾದ ಕೃತಿ' ಎಂದು ಮುಗಿಸುತ್ತವೆ. ಇಲ್ಲವೇ ತರಗತಿಯಲ್ಲಿ ಕೇಳಿದ ವಿಮರ್ಶೆಯ ಪರಿಭಾಷೆಯನ್ನು ತಂದು, ರೋಚಕ ಕಾದಂಬರಿಯಲ್ಲಿ ಅಸ್ತಿತ್ವದ ಆತಂಕವನ್ನು ಹುಡುಕಿ, ಸಿಗಲಿಲ್ಲವೆಂದು ಬೇಸರಿಸುತ್ತವೆ.

ಈ ಮಾರ್ಗದರ್ಶಿಯ ಹಿಂದಿರುವ ನಂಬಿಕೆ ಸರಳವಾದುದು. ಪ್ರತಿಯೊಂದು ಪ್ರಕಾರದ ಕಾದಂಬರಿಯೂ ತನ್ನ ಮೊದಲ ಪುಟಗಳಲ್ಲೇ ಓದುಗರಿಗೆ ಒಂದು ಮಾತು ಕೊಡುತ್ತದೆ. ಆ ಮಾತು ಯಾವುದು, ಅದನ್ನು ಕೃತಿ ಎಷ್ಟರಮಟ್ಟಿಗೆ ಉಳಿಸಿಕೊಂಡಿತು, ಉಳಿಸಿಕೊಳ್ಳದಿದ್ದರೆ ಅದಕ್ಕಿಂತ ಹೆಚ್ಚಿನದನ್ನೇನಾದರೂ ಕೊಟ್ಟಿತೇ ಎಂಬ ಪ್ರಶ್ನೆಗಳಿಗೆ ಪುಟಗಳ ಆಧಾರದ ಮೇಲೆ ಉತ್ತರಿಸುವ ಬರಹವೇ ಒಳ್ಳೆಯ ವಿಮರ್ಶೆ.

ಮೊದಲ ಹೆಜ್ಜೆ: ಓದುವಾಗಲೇ ಗುರುತು ಹಾಕಿಕೊಳ್ಳುವುದು

ವಿಮರ್ಶೆ ಬರೆಯಬೇಕೆಂಬ ಉದ್ದೇಶವೇ ಓದಿನ ಸುಖವನ್ನು ಕೆಡಿಸಬಾರದು. ಆದ್ದರಿಂದ ಮೊದಲ ಓದಿನಲ್ಲಿ ಟಿಪ್ಪಣಿಗಳನ್ನು ಉದ್ದಕ್ಕೆ ಬರೆಯುತ್ತಾ ಕೂರದೆ, ಪೆನ್ಸಿಲಿನಿಂದ ಪುಟದ ಅಂಚಿನಲ್ಲಿ ಒಂದು ಗೆರೆ ಎಳೆದು, ಪುಸ್ತಕದೊಳಗಿಟ್ಟ ಚೀಟಿಯಲ್ಲಿ ಪುಟಸಂಖ್ಯೆಯನ್ನೂ ಎರಡು ಪದಗಳನ್ನೂ ಬರೆದಿಟ್ಟರೆ ಸಾಕು. ಲೈಬ್ರರಿಯ ಪುಸ್ತಕವಾದರೆ ಚೀಟಿ ಮಾತ್ರ. ನಾಲ್ಕು ಬಗೆಯ ಜಾಗಗಳನ್ನು ತಪ್ಪದೆ ಗುರುತಿಸಿ: ಓದಿನ ವೇಗ ತಾನಾಗಿಯೇ ಹೆಚ್ಚಿದ ಜಾಗ, ಪ್ಯಾರಾಗಳನ್ನು ಹಾರಿಸಿ ಓದಿದ ಜಾಗ, ಹಿಂದಿನ ಪುಟಕ್ಕೆ ಮರಳಬೇಕಾಗಿ ಬಂದ ಜಾಗ, ಪುಸ್ತಕವನ್ನು ಮಡಿಲಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತ ಜಾಗ. ಇವುಗಳಲ್ಲಿ ಎರಡನೆಯದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಏಕೆಂದರೆ ಕಾದಂಬರಿ ಮುಗಿದ ಮೇಲೆ ಮೊದಲು ಮರೆತುಹೋಗುವುದು ನಮಗೆ ಬೇಸರ ತಂದ ಪುಟಗಳೇ.

ಧಾರಾವಾಹಿಯಾಗಿ ಬಂದು ನಂತರ ಪುಸ್ತಕವಾದ ಕಾದಂಬರಿಗಳಲ್ಲಿ ಈ ಗುರುತುಗಳು ಇನ್ನೊಂದು ವಿಷಯವನ್ನೂ ಹೇಳುತ್ತವೆ. ವಾರಕ್ಕೊಂದು ಕಂತಿನ ಬರವಣಿಗೆಯಲ್ಲಿ ಪ್ರತಿ ಅಧ್ಯಾಯದ ಕೊನೆಗೂ ಒಂದು ಕುತೂಹಲ ನಿಲ್ಲಬೇಕು, ಮುಂದಿನ ಅಧ್ಯಾಯದ ಆರಂಭದಲ್ಲಿ ಹಿಂದಿನ ವಾರದ್ದನ್ನು ನೆನಪಿಸಬೇಕು. ಒಂದೇ ಬೈಠಕ್ಕಿನಲ್ಲಿ ಓದುವವರಿಗೆ ಇದು ಪುನರುಕ್ತಿಯಂತೆ ಕಾಣುತ್ತದೆ. ಪುಸ್ತಕ ಮೊದಲು ಎಲ್ಲಿ ಪ್ರಕಟವಾಯಿತೆಂದು ಅರಿಕೆಯಲ್ಲೋ ಮುನ್ನುಡಿಯಲ್ಲೋ ನೋಡಿಕೊಂಡ ನಂತರವೇ ಅದನ್ನು ದೋಷವೆಂದು ಕರೆಯಬೇಕೇ ಬೇಡವೇ ಎಂದು ನಿರ್ಧರಿಸುವುದು ನ್ಯಾಯ.

ಎರಡನೆಯ ಹೆಜ್ಜೆ: ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು

ಓದಿ ಮುಗಿಸಿದ ಕೂಡಲೇ ಬರೆದ ಮಾತುಗಳಲ್ಲಿ ಮೆಚ್ಚುಗೆಯೂ ಕೋಪವೂ ಅಳತೆ ಮೀರಿರುತ್ತವೆ. ಎರಡು ಮೂರು ದಿನ ಬಿಟ್ಟು, ಪುಸ್ತಕವನ್ನು ತೆರೆಯದೆ, ನೆನಪಿನಲ್ಲಿ ಉಳಿದಿರುವುದನ್ನೆಲ್ಲ ಅರ್ಧ ಪುಟದಷ್ಟು ಬರೆಯಿರಿ. ಯಾವ ಪಾತ್ರದ ಹೆಸರು ತಕ್ಷಣ ಬಂತು, ಯಾರ ಹೆಸರು ಮರೆತುಹೋಯಿತು, ಯಾವ ಸನ್ನಿವೇಶ ಕಣ್ಣಿಗೆ ಕಟ್ಟಿದಂತಿದೆ ಎಂಬುದನ್ನು ಗಮನಿಸಿ. ಆಮೇಲೆ ಚೀಟಿಯನ್ನು ತೆಗೆದು ಎರಡನ್ನೂ ಹೋಲಿಸಿ ನೋಡಿದಾಗ ಅವುಗಳ ನಡುವೆ ಅಂತರ ಕಂಡರೆ, ನಿಮ್ಮ ವಿಮರ್ಶೆಯ ವಿಷಯ ಅಲ್ಲೇ ಸಿಕ್ಕಿದೆಯೆಂದು ತಿಳಿಯಬಹುದು. ಓದುವಾಗ ಉಸಿರು ಬಿಗಿಹಿಡಿಸಿದ ಕಾದಂಬರಿಯೊಂದು ಮೂರು ದಿನಗಳಲ್ಲಿ ಪೂರ್ತಿ ಮಾಸಿಹೋಗಿದ್ದರೆ, ಅಥವಾ ಓದುವಾಗ ನಿಧಾನವೆನಿಸಿದ್ದು ಈಗ ಬಿಡದೆ ಕಾಡುತ್ತಿದ್ದರೆ, ಅದು ಏಕೆ ಎಂಬ ಪ್ರಶ್ನೆಯೇ ಬರಹದ ಬೆನ್ನೆಲುಬಾಗಬಲ್ಲದು.

ಮೂರನೆಯ ಹೆಜ್ಜೆ: ಕಾದಂಬರಿ ಕೊಟ್ಟ ಮಾತನ್ನು ಗುರುತಿಸುವುದು

ಪ್ರಕಾರವನ್ನು ಬೆನ್ನುಡಿಯಿಂದ ನಿರ್ಧರಿಸಬೇಡಿ. ಬೆನ್ನುಡಿ ಪುಸ್ತಕವನ್ನು ಮಾರಲು ಬರೆದದ್ದು. ಮೊದಲ ಅಧ್ಯಾಯವನ್ನು ಮತ್ತೊಮ್ಮೆ ಓದಿ, ಅದು ನಮ್ಮಲ್ಲಿ ಯಾವ ನಿರೀಕ್ಷೆಯನ್ನು ಹುಟ್ಟಿಸುತ್ತದೆಂದು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. 'ಇದನ್ನು ಮಾಡಿದವರು ಯಾರೆಂದು ಕೊನೆಗೆ ತಿಳಿಯುತ್ತದೆ', 'ಈ ಹೆಣ್ಣುಮಗಳ ಬದುಕು ಒಂದು ದಡ ಸೇರುವುದನ್ನು ನೋಡುತ್ತೇವೆ', 'ನಾವು ಕಾಣದ ಕಾಲವೊಂದರಲ್ಲಿ ಓಡಾಡಿ ಬರುತ್ತೇವೆ' ಎಂಬಂಥ ವಾಕ್ಯ ಸಾಕು.

ಕೆಲವು ಕೃತಿಗಳು ಮಾತು ಕೊಟ್ಟು ಬೇಕೆಂದೇ ದಾರಿ ಬದಲಿಸುತ್ತವೆ, ಮತ್ತು ಇಂಥಲ್ಲೇ ವಿಮರ್ಶಕರಿಗೆ ನಿಜವಾದ ಎಚ್ಚರ ಬೇಕಾಗುವುದು. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' (1985) ಸಾವೊಂದರ ತನಿಖೆಯ ಎಳೆ ಹಿಡಿದು ಹೊರಟರೂ, ಪುಟಗಳು ಸರಿದಂತೆ ಕೆಸರೂರಿನ ಜನ, ಅವರ ಮೂಢತನ, ಜಾತಿಯ ಜಿದ್ದು, ಏಲಕ್ಕಿಯ ಅರ್ಥವ್ಯವಸ್ಥೆ ಇವೇ ಕಥೆಯ ಹೃದಯವಾಗುತ್ತವೆ. 'ಪತ್ತೇದಾರಿಕೆ ಬಿಗಿಯಾಗಿಲ್ಲ' ಎಂದು ಇದನ್ನು ತಳ್ಳಿಹಾಕಿದರೆ, ಕೃತಿ ಆ ಬಿಗಿಯನ್ನು ಬಿಟ್ಟು ಪಡೆದದ್ದೇನು ಎಂಬುದು ನಮ್ಮ ಕಣ್ತಪ್ಪಿ ಹೋಗುತ್ತದೆ. ಬರಹಗಾರನ ಕೈತಪ್ಪಿ ಹಾದಿ ಬಿಟ್ಟ ಕಾದಂಬರಿಗೂ ಬೇಕೆಂದೇ ಹಾದಿ ಬದಲಿಸಿದ ಕಾದಂಬರಿಗೂ ಇರುವ ವ್ಯತ್ಯಾಸವನ್ನು ಹೀಗೆ ಪರೀಕ್ಷಿಸಬಹುದು: ಹೊಸ ಹಾದಿಯ ಬೀಜಗಳು ಮೊದಲ ಕಾಲು ಭಾಗದಲ್ಲೇ ಬಿದ್ದಿದ್ದರೆ ಅದು ಉದ್ದೇಶಪೂರ್ವಕ; ಅರ್ಧ ದಾಟಿದ ಮೇಲೆ ಎಲ್ಲಿಂದಲೋ ಬಂದಿದ್ದರೆ ಅದು ಎಡವಟ್ಟು.

ನಾಲ್ಕನೆಯ ಹೆಜ್ಜೆ: ಪ್ರಕಾರಕ್ಕೆ ತಕ್ಕಂತೆ ಅಳೆಯುವುದು

ಪತ್ತೇದಾರಿ ಮತ್ತು ರೋಚಕ ಕಾದಂಬರಿಗಳಿಂದ ಆರಂಭಿಸೋಣ, ಏಕೆಂದರೆ ನಮ್ಮಲ್ಲಿ ಅತಿ ಹೆಚ್ಚು ಓದಿಸಿಕೊಂಡೂ ಅತಿ ಕಡಿಮೆ ವಿಮರ್ಶೆ ಪಡೆದಿರುವ ಪ್ರಕಾರವಿದು. ಕೇವಲ ಪ್ರಾಥಮಿಕ ಹಂತದ ಶಿಕ್ಷಣ ಪಡೆದಿದ್ದ ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು ಲಕ್ಷಾಂತರ ಜನರಿಗೆ ಓದಿನ ರುಚಿ ಹತ್ತಿಸಿದರು. ಅವರ ಕೃತಿಗಳ ಕಟ್ಟಡದ ಬಗ್ಗೆ ಗಂಭೀರವಾಗಿ ಬರೆದವರು ಮಾತ್ರ ತೀರಾ ವಿರಳ. ಇಂಥ ಕಾದಂಬರಿಯನ್ನು ಅಳೆಯಲು ಎರಡನೆಯ ಓದು ಕಡ್ಡಾಯ. ರಹಸ್ಯ ಬಯಲಾದ ಮೇಲೆ ಮೊದಲ ಅಧ್ಯಾಯಗಳಿಗೆ ಮರಳಿ, ಒಂದು ಹಾಳೆಯನ್ನು ಎರಡು ಭಾಗ ಮಾಡಿ, ಒಂದು ಕಡೆ ಪತ್ತೇದಾರನಿಗೆ ಯಾವ ಅಧ್ಯಾಯದಲ್ಲಿ ಏನು ಗೊತ್ತಾಯಿತು ಎಂದೂ ಇನ್ನೊಂದು ಕಡೆ ನಮಗೆ ಏನು ಗೊತ್ತಿತ್ತು ಎಂದೂ ಬರೆಯುತ್ತಾ ಹೋಗಿ. ಎರಡೂ ಸಾಲುಗಳು ಹೆಚ್ಚುಕಡಿಮೆ ಸಮನಾಗಿದ್ದು, ಆದರೂ ನಾವು ಮೋಸಹೋಗಿದ್ದರೆ, ಆ ಬರಹಗಾರರ ಕೈಚಳಕಕ್ಕೆ ಮನಸಾರೆ ಮೆಚ್ಚುಗೆ ಸಲ್ಲಬೇಕು. ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಜೇಬಿನಿಂದ ನಾವು ಕಾಣದ ಪತ್ರವೊಂದನ್ನು ತೆಗೆದು ಎಲ್ಲವನ್ನೂ ವಿವರಿಸಿದರೆ, ಕಾದಂಬರಿ ತನ್ನ ಮಾತಿಗೆ ತಪ್ಪಿದೆ.

ರೋಚಕ ಕಾದಂಬರಿಯಲ್ಲಿ ಸುಳಿವಿಗಿಂತ ಕಾಲದ ನಿರ್ವಹಣೆ ಮುಖ್ಯ. ತೇಜಸ್ವಿಯವರ 'ಜುಗಾರಿ ಕ್ರಾಸ್' (1994) ಹೆಚ್ಚುಕಡಿಮೆ ಒಂದು ದಿನದ ಅವಧಿಯೊಳಗೆ ನಡೆಯುವ ಕಥೆ. ಏಲಕ್ಕಿ ವ್ಯವಹಾರ, ಪಶ್ಚಿಮ ಘಟ್ಟದ ರೈಲು, ಕಾಡನ್ನು ನುಂಗುತ್ತಿರುವ ಕಾಣದ ಕೈಗಳು, ಹಳೆಯ ಕಾವ್ಯವೊಂದರ ಒಗಟು ಇಷ್ಟನ್ನೂ ಆ ಸಣ್ಣ ಅವಧಿಗೆ ತುಂಬಿದ್ದರಿಂದ, ಸುರೇಶ ಮತ್ತು ಗೌರಿಯರಿಗೆ ಯೋಚಿಸಲು ಪುರುಸೊತ್ತಿಲ್ಲದಂತೆ ನಮಗೂ ಇರುವುದಿಲ್ಲ. ಇಂಥ ಕೃತಿಯ ಬಗ್ಗೆ ಬರೆಯುವಾಗ 'ವೇಗವಾಗಿದೆ' ಎಂದರೆ ಏನೂ ಹೇಳಿದಂತಾಗುವುದಿಲ್ಲ. ಆ ವೇಗ ಎಲ್ಲಿಂದ ಬಂತು ಎಂದು ತೋರಿಸಬೇಕು. ಅಧ್ಯಾಯಗಳು ಚಿಕ್ಕವೇ, ಸಂಭಾಷಣೆ ಹೆಚ್ಚೇ, ಎರಡು ಎಳೆಗಳನ್ನು ಅಡ್ಡಡ್ಡ ಕತ್ತರಿಸಿ ಹೆಣೆಯಲಾಗಿದೆಯೇ, ಗಡುವೊಂದು ತಲೆಯ ಮೇಲೆ ತೂಗುತ್ತಿದೆಯೇ?

ಐತಿಹಾಸಿಕ ಕಾದಂಬರಿಯ ಸುಖ ಇದಕ್ಕೆ ಪೂರ್ತಿ ಬೇರೆ. ತ.ರಾ.ಸು. ಅವರ 'ದುರ್ಗಾಸ್ತಮಾನ' (1982) ತನ್ನ ಹೆಸರಿನಲ್ಲೇ ಅಂತ್ಯವನ್ನು ಹೇಳಿಬಿಡುತ್ತದೆ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತು, ಮದಕರಿನಾಯಕ ಸೋತ ಎಂಬುದು ಓದುಗರಿಗೆ ಮೊದಲೇ ಗೊತ್ತು. ಆದರೂ ನಾವು ನೂರಾರು ಪುಟ ಓದುತ್ತೇವೆ, ಮದಕರಿ ಗೆಲ್ಲಲೆಂದು ಒಳಗೊಳಗೇ ಹಾರೈಸುತ್ತೇವೆ. ಗೊತ್ತಿರುವ ಅಂತ್ಯದ ಎದುರಿಗೆ ಆಸೆಯನ್ನು ಜೀವಂತ ಇಡುವ ಈ ಶಕ್ತಿಯೇ ಐತಿಹಾಸಿಕ ಕಾದಂಬರಿಯ ಮೊದಲ ಅಳತೆ, ಮತ್ತು ನನ್ನ ಮಟ್ಟಿಗೆ ಕೊನೆಯ ಅಳತೆಯೂ ಅದೇ. ನಿಜಾಂಶಗಳ ತಪ್ಪೊಪ್ಪು ಅದರ ನಂತರದ್ದು. ಹಾಗೆಂದು ಅದನ್ನು ಕೈಬಿಡುವಂತಿಲ್ಲ: ದಾಖಲೆಯಲ್ಲಿರುವ ವ್ಯಕ್ತಿಗಳಾರು, ಕಲ್ಪಿತರಾರು, ಲೇಖಕರು ಮುನ್ನುಡಿಯಲ್ಲಿ ತಾವು ನೆಚ್ಚಿದ ಆಕರಗಳನ್ನು ಹೇಳಿದ್ದಾರೆಯೇ ಎಂದು ನೋಡಬೇಕು. ಕೆ.ಎನ್. ಗಣೇಶಯ್ಯನವರಂತೆ ಇತಿಹಾಸ, ಶಾಸನ, ವಿಜ್ಞಾನಗಳ ಆಕರಗಳನ್ನು ಕಥೆಯ ಜೊತೆಗೇ ಕೊಡುವ ಬರಹಗಾರರಲ್ಲಿ ಈ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಆಕರ ಎಲ್ಲಿ ಮುಗಿದು ಊಹೆ ಎಲ್ಲಿ ಆರಂಭವಾಗುತ್ತದೆಂಬುದು ಓದುಗರಿಗೆ ತಿಳಿಯುವಂತಿದೆಯೇ ಎಂದು ವಿಮರ್ಶೆ ಹೇಳಲೇಬೇಕು. ಪಾತ್ರಗಳ ಮಾತಿನ ಕಡೆಗೂ ಕಿವಿಯಿರಲಿ. ಹದಿನೆಂಟನೆಯ ಶತಮಾನದ ಪಾಳೆಯಗಾರನೊಬ್ಬ ಇಂದಿನ ಪತ್ರಿಕೆಯ ಸಂಪಾದಕೀಯದ ಭಾಷೆಯಲ್ಲಿ ಮಾತಾಡಿದರೆ, ಉಳಿದ ವಿವರಗಳೆಷ್ಟು ಸರಿಯಿದ್ದರೂ ಆ ಕಾಲ ಎದ್ದು ನಿಲ್ಲುವುದಿಲ್ಲ.

ಸಾಂಸಾರಿಕ ಕಾದಂಬರಿಗಳನ್ನು 'ಅಡುಗೆಮನೆ ಸಾಹಿತ್ಯ'ವೆಂದು ಹಗುರವಾಗಿ ಕಂಡ ಕಾಲವೊಂದಿತ್ತು, ಅದು ನಮ್ಮ ವಿಮರ್ಶೆಗೆ ಆದ ದೊಡ್ಡ ನಷ್ಟ. ಮನಃಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ತ್ರಿವೇಣಿಯವರು 'ಶರಪಂಜರ'ದಲ್ಲಿ ಹೆರಿಗೆಯ ನಂತರ ಮಾನಸಿಕ ಅಸ್ವಸ್ಥತೆಗೆ ತುತ್ತಾಗಿ, ಗುಣವಾಗಿ ಮನೆಗೆ ಮರಳುವ ಕಾವೇರಿಯನ್ನು ಚಿತ್ರಿಸಿದ್ದಾರೆ. ರೋಗಕ್ಕಿಂತ ಕ್ರೂರವಾದದ್ದು ಗುಣವಾದ ಮೇಲೂ ಅವಳನ್ನು ಅನುಮಾನದಿಂದ ನೋಡುವ ಮನೆಯವರ ಕಣ್ಣು. ಇಂಥ ಕೃತಿಯಲ್ಲಿ ನೋಡಬೇಕಾದದ್ದು ದೊಡ್ಡ ತಿರುವುಗಳನ್ನಲ್ಲ, ಸಣ್ಣ ನಡವಳಿಕೆಗಳನ್ನು. ಒಂದು ಮಾತು ಅರ್ಧಕ್ಕೆ ನಿಲ್ಲುವುದು, ಮಗುವನ್ನು ತಾಯಿಯ ಕೈಗೆ ಕೊಡಲು ಹಿಂಜರಿಯುವುದು, ಗಂಡನ ಮೌನ ಇವುಗಳಲ್ಲಿ ಯಾವುದನ್ನು ಬರಹಗಾರ್ತಿ ತೋರಿಸಿದ್ದಾರೆ, ಯಾವುದನ್ನು ಬರಿದೆ ಹೇಳಿಬಿಟ್ಟಿದ್ದಾರೆ ಎಂದು ಗುರುತಿಸಿ. ಪುಟ್ಟಣ್ಣ ಕಣಗಾಲರ 1971ರ ಚಿತ್ರ ಎಷ್ಟು ಜನಜನಿತವೆಂದರೆ, ಕಾದಂಬರಿಯ ಬಗ್ಗೆ ಬರೆಯುವಾಗಲೂ ಚಿತ್ರದ ದೃಶ್ಯಗಳೇ ಕಣ್ಣ ಮುಂದೆ ಬರುತ್ತವೆ. ಸಿನಿಮಾ ಆದ ಯಾವುದೇ ಕಾದಂಬರಿಗೆ ವಿಮರ್ಶೆ ಬರೆಯುವಾಗ, ನೀವು ಹೇಳುತ್ತಿರುವ ಪ್ರಸಂಗ ಪುಸ್ತಕದಲ್ಲೇ ಇದೆಯೆಂದು ಪುಟ ತೆರೆದು ಖಚಿತಪಡಿಸಿಕೊಳ್ಳಿ.

ವೈಜ್ಞಾನಿಕ ಕಾದಂಬರಿಯಲ್ಲಿ ಕೇಳಬೇಕಾದದ್ದು ಒಂದೇ: ಕಲ್ಪಿಸಿದ ಲೋಕದ ನಿಯಮಗಳನ್ನು ಕೃತಿ ಕೊನೆಯವರೆಗೂ ಪಾಲಿಸಿದೆಯೇ, ಅಥವಾ ಕಷ್ಟ ಬಂದಾಗಲೆಲ್ಲ ಹೊಸ ನಿಯಮ ಹುಟ್ಟಿಸಿಕೊಂಡಿದೆಯೇ?

ಪ್ರಕಾರಗಳ ಚೌಕಟ್ಟಿಗೆ ಸುಲಭವಾಗಿ ಒಗ್ಗದ ಕೃತಿಗಳಿಗೆ ತಾಳ್ಮೆ ಹೆಚ್ಚು ಬೇಕು. ದೇವನೂರ ಮಹಾದೇವ ಅವರ 'ಕುಸುಮಬಾಲೆ' (1984) ಗಾತ್ರದಲ್ಲಿ ಕಿರಿದಾದರೂ, ನಂಜನಗೂಡು ಸೀಮೆಯ ಆಡುಮಾತಿನಲ್ಲಿ, ಗದ್ಯವೂ ಪದ್ಯವೂ ಬೆರೆತಂತೆ ಸಾಗುವುದರಿಂದ, ಕಣ್ಣಿನಲ್ಲಿ ಓದಿದವರು ಹಲವರು ಹತ್ತು ಪುಟಕ್ಕೆ ಕೈಬಿಡುತ್ತಾರೆ. ಅದನ್ನು ಗಟ್ಟಿಯಾಗಿ ಬಾಯಿಬಿಟ್ಟು ಓದಿ ನೋಡಬೇಕು. ಆಗ ಅರ್ಥ ಕಿವಿಯ ಮೂಲಕ ಬರುತ್ತದೆ. 'ಅರ್ಥವಾಗಲಿಲ್ಲ' ಎಂದು ಬರೆಯುವ ಮೊದಲು ಕೃತಿ ಕೇಳುವ ರೀತಿಯಲ್ಲಿ ಓದಿದ್ದೇವೆಯೇ ಎಂದು ಪರೀಕ್ಷಿಸಿಕೊಳ್ಳುವುದು ವಿಮರ್ಶಕರ ಪ್ರಾಮಾಣಿಕತೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಇನ್ನೊಂದು ಬಗೆಯ ಎಚ್ಚರ ಬೇಡುತ್ತದೆ. ಅಲ್ಲಿ ಕಥೆ ಹೇಳುವವನು ತನ್ನ ಕುಟುಂಬದ ಬಗ್ಗೆ ಬಹಳ ಸೌಮ್ಯವಾಗಿ ಮಾತಾಡುತ್ತಾನೆ, ಆ ಸೌಮ್ಯತೆಯ ಕೆಳಗೆ ಆತ ಹೇಳದೆ ಬಿಟ್ಟದ್ದೇ ಕಾದಂಬರಿಯ ಭಾರ. ಇಂಥ ಕೃತಿಗೆ ನಿರೂಪಕನನ್ನು ಎಲ್ಲಿಯವರೆಗೆ ನಂಬಿದಿರಿ, ಯಾವ ವಾಕ್ಯದಲ್ಲಿ ಮೊದಲ ಬಾರಿ ಅನುಮಾನ ಬಂತು ಎಂದು ಬರೆದರೆ ಅದೇ ಅರ್ಧ ವಿಮರ್ಶೆ.

ಅನುವಾದಿತ ಕಾದಂಬರಿಯಾದರೆ ಅನುವಾದಕರ ಹೆಸರನ್ನು ಮೂಲ ಲೇಖಕರ ಹೆಸರಿನಷ್ಟೇ ಗೌರವದಿಂದ ಬರೆಯಿರಿ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಕಾಲದಿಂದಲೂ ನಮ್ಮ ಓದುವ ಹವ್ಯಾಸದ ಒಂದು ದೊಡ್ಡ ಪಾಲು ಅನುವಾದಕರ ಋಣದಲ್ಲಿದೆ. ಮೂಲ ಭಾಷೆ ನಿಮಗೆ ಬಾರದಿದ್ದರೆ ನಿಷ್ಠೆಯ ಬಗ್ಗೆ ತೀರ್ಪು ಕೊಡದೆ, ಕನ್ನಡದ ವಾಕ್ಯಗಳು ಕನ್ನಡವಾಗಿ ಓಡುತ್ತವೆಯೇ, ಸಂಭಾಷಣೆಯಲ್ಲಿ ನೀನು-ನೀವುಗಳ ಬಳಕೆ ಸಂಬಂಧಗಳಿಗೆ ಹೊಂದುತ್ತದೆಯೇ ಎಂಬಷ್ಟನ್ನೇ ಹೇಳಿ.

ಐದನೆಯ ಹೆಜ್ಜೆ: ಕಥೆಯನ್ನು ಎಷ್ಟು ಹೇಳಬೇಕು

ಒಟ್ಟು ಬರಹದ ಐದನೆಯ ಒಂದು ಭಾಗ ಮೀರದಂತೆ ಕಥಾಹಂದರ ಇರಲಿ ಎಂಬುದು ಉಪಯುಕ್ತ ಮಿತಿ. ಆದರೆ ಏನನ್ನು ಮುಚ್ಚಿಡಬೇಕು ಎಂಬುದು ಪ್ರಕಾರವನ್ನು ಅವಲಂಬಿಸಿದೆ. ಪತ್ತೇದಾರಿಯಲ್ಲಿ ಅಪರಾಧಿಯ ಹೆಸರು ಮಾತ್ರವಲ್ಲ, 'ಕೊನೆಯಲ್ಲಿ ಅನಿರೀಕ್ಷಿತ ತಿರುವಿದೆ' ಎಂಬ ಸೂಚನೆಯೂ ಓದಿನ ಸುಖವನ್ನು ಕದಿಯುತ್ತದೆ, ಏಕೆಂದರೆ ಓದುಗರು ಆ ತಿರುವಿಗಾಗಿಯೇ ಕಾಯತೊಡಗುತ್ತಾರೆ. 'ದುರ್ಗಾಸ್ತಮಾನ'ದಲ್ಲಿ ಸೋಲನ್ನು ಮುಚ್ಚಿಡುವ ಅಗತ್ಯವೇ ಇಲ್ಲ. 'ಶರಪಂಜರ'ದಲ್ಲಿ ಕಾವೇರಿ ಗುಣವಾಗಿ ಮರಳುತ್ತಾಳೆಂದು ಹೇಳದಿದ್ದರೆ ಕಾದಂಬರಿಯ ಕೇಂದ್ರ ಪ್ರಶ್ನೆಯನ್ನು ಎತ್ತುವುದೇ ಅಸಾಧ್ಯ. ಅಲ್ಲಿ ಮುಚ್ಚಿಡಬೇಕಾದದ್ದು ಆಮೇಲೆ ಅವಳೇನಾದಳು ಎಂಬುದನ್ನು. ಅಂತ್ಯವನ್ನು ಚರ್ಚಿಸದೆ ವಾದ ಪೂರ್ತಿಯಾಗದಿದ್ದರೆ, ಮುಂದಿನ ಭಾಗದಲ್ಲಿ ಅಂತ್ಯದ ಪ್ರಸ್ತಾಪವಿದೆ ಎಂದು ಮೊದಲೇ ತಿಳಿಸಿ, ಅದನ್ನು ಪ್ರತ್ಯೇಕ ಭಾಗವಾಗಿ ಬರೆಯಿರಿ.

ಆರನೆಯ ಹೆಜ್ಜೆ: ಕರಡು ಬರೆದು, ಪ್ರತಿ ವಾಕ್ಯವನ್ನೂ ಪರೀಕ್ಷಿಸುವುದು

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ತೇಜಸ್ವಿಯವರ 'ಕರ್ವಾಲೋ' (1980) ಬಗ್ಗೆ ಇಂಥ ಕರಡೊಂದು ಸಿದ್ಧವಾಯಿತೆಂದುಕೊಳ್ಳಿ:

"ಕರ್ವಾಲೋ ಒಂದು ಅದ್ಭುತ ಕಾದಂಬರಿ. ಪಾತ್ರಪೋಷಣೆ ಸೊಗಸಾಗಿದೆ. ಮಲೆನಾಡಿನ ಚಿತ್ರಣ ಕಣ್ಣಿಗೆ ಕಟ್ಟುವಂತಿದೆ. ಪುಸ್ತಕ ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ."

ಇಲ್ಲಿ ಸುಳ್ಳು ಯಾವುದೂ ಇಲ್ಲ. ಆದರೆ ಪುಸ್ತಕದ ಹೆಸರನ್ನು ಬದಲಿಸಿ ಇದೇ ನಾಲ್ಕು ವಾಕ್ಯಗಳನ್ನು ಮಲೆನಾಡಿನ ಯಾವ ಕಾದಂಬರಿಗಾದರೂ ಅಂಟಿಸಬಹುದು. ಹೀಗೆ ಹೆಸರು ಬದಲಿಸಿದರೂ ನಿಲ್ಲುವ ವಾಕ್ಯವನ್ನು ಹೊಡೆದುಹಾಕುವುದು ಕರಡು ತಿದ್ದುವುದರ ಮೊದಲ ನಿಯಮ. ಅದೇ ಮೆಚ್ಚುಗೆಯನ್ನು ಪುಸ್ತಕದೊಳಗಿನಿಂದ ಹೇಳಿದರೆ ಹೀಗಾಗಬಹುದು:

"ಹಾರುವ ಓತಿಯೊಂದನ್ನು ಹುಡುಕುವ ಕಥೆಯೆಂದು ಕೇಳಿ ಪುಸ್ತಕ ಹಿಡಿದವರಿಗೆ ಆ ಓತಿ ಬಹಳ ಹೊತ್ತು ಕಾಣಿಸುವುದೇ ಇಲ್ಲ. ಅಲ್ಲಿಯವರೆಗೆ ನಮ್ಮನ್ನು ಹಿಡಿದಿಡುವವನು ಜೇನು, ಮದುವೆಯ ಹಂಬಲ, ಪೊಲೀಸ್ ಕೇಸುಗಳ ನಡುವೆ ಸಿಕ್ಕಿಕೊಂಡ ಮಂದಣ್ಣ. ಊರಿನವರಿಗೆ ಕೆಲಸಕ್ಕೆ ಬಾರದವನಾಗಿ ಕಾಣುವ ಇವನಲ್ಲಿ ವಿಜ್ಞಾನಿ ಕರ್ವಾಲೋ ಒಬ್ಬ ಹುಟ್ಟು ನಿಸರ್ಗಶಾಸ್ತ್ರಜ್ಞನನ್ನು ಕಾಣುತ್ತಾರೆ. ನಿರೂಪಕ ಇದನ್ನು ನಂಬಲು ತಡಮಾಡುತ್ತಾನೆ, ಅವನ ಜೊತೆಗೆ ನಾವೂ. ಹಾಗಾಗಿ ಕಾಡಿನೊಳಗಿನ ಹುಡುಕಾಟ ಆರಂಭವಾಗುವ ಹೊತ್ತಿಗೆ, ಮನುಷ್ಯರನ್ನು ನೋಡುವ ನಮ್ಮ ಕಣ್ಣು ಮೊದಲೇ ಬದಲಾಗಿರುತ್ತದೆ."

ಎರಡನೆಯದರಲ್ಲಿ 'ಅದ್ಭುತ' ಎಂಬ ಪದವಿಲ್ಲ, ಆದರೂ ಬರೆದವರಿಗೆ ಕೃತಿ ಇಷ್ಟವಾಗಿದೆಯೆಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ಸಾಹಸ ಕಥೆಯ ನಿರೀಕ್ಷೆಯಿಂದ ಆರಂಭಿಸಿ, ಅದು ಮುಂದೂಡಲ್ಪಟ್ಟದ್ದನ್ನು ಹೇಳಿ, ಆ ವಿಳಂಬದಿಂದ ಕೃತಿ ಗಳಿಸಿದ್ದೇನೆಂದು ತೋರಿಸಲಾಗಿದೆ. ಪಾತ್ರಪೋಷಣೆಯ ಮಾತೂ ಇಲ್ಲಿದೆ, ಪರಿಭಾಷೆಯಾಗಿ ಬಾರದೆ ಮಂದಣ್ಣನ ರೂಪದಲ್ಲಿ ಬಂದಿದೆ. ಉದ್ಧರಣೆ ಕೊಡುವಾಗಲೂ ಇದೇ ವಿವೇಕ ಬೇಕು. ಎರಡು ಮೂರು ಸಾಲಿನ ಉದ್ಧರಣೆ ಸಾಕು, ಅದನ್ನು ಪುಸ್ತಕ ಎದುರಿಗಿಟ್ಟುಕೊಂಡು ಅಕ್ಷರಶಃ ನಕಲಿಸಿ, ಆ ಸಾಲುಗಳಲ್ಲಿ ನಿಮಗೆ ಏನು ಕಂಡಿತೆಂದು ತಕ್ಷಣವೇ ಹೇಳಿ.

ಇಷ್ಟವಾಗದ ಕೃತಿಯ ಬಗ್ಗೆ

ಇಷ್ಟವಾಗದ ಕಾದಂಬರಿಗೆ ಬರೆಯುವಾಗ ಮೂರು ಸಂಗತಿಗಳನ್ನು ಬೇರ್ಪಡಿಸಬೇಕು: ಈ ಪ್ರಕಾರವೇ ನನಗೆ ಒಗ್ಗುವುದಿಲ್ಲ, ಈ ಲೇಖಕರ ನಿಲುವು ನನಗೆ ಒಪ್ಪಿಗೆಯಿಲ್ಲ, ಈ ಕಾದಂಬರಿ ತನ್ನ ಮಾತಿಗೆ ತಾನೇ ತಪ್ಪಿದೆ. ಮೊದಲನೆಯದನ್ನು ಒಂದು ವಾಕ್ಯದಲ್ಲಿ ಒಪ್ಪಿಕೊಂಡು ಮುಂದೆ ಸಾಗಿ. ಪ್ರೇಮಕಥೆಗಳೇ ಹಿಡಿಸದವರು ಪ್ರೇಮಕಥೆಯೊಂದನ್ನು ಸಪ್ಪೆಯೆಂದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಎರಡನೆಯದನ್ನು ವಾದಿಸಿ, ಆದರೆ ಒಪ್ಪಿಗೆಯಿಲ್ಲದ ನಿಲುವನ್ನು ಕೂಡ ಲೇಖಕರು ಎಷ್ಟು ಬಲವಾಗಿ ಕಟ್ಟಿದ್ದಾರೆಂದು ಮೊದಲು ಹೇಳಿ, ಆಮೇಲೆ ವಾದಿಸಿ. ಮೂರನೆಯದಕ್ಕೆ ಪುಟಗಳ ಸಾಕ್ಷಿ ಬೇಕು, ಕನಿಷ್ಠ ಎರಡು ಪ್ರಸಂಗಗಳಾದರೂ. ಹೊಸಬರ ಮೊದಲ ಕಾದಂಬರಿಯಾಗಿದ್ದರೆ ಮಾತು ಮೃದುವಾಗಿರಲಿ, ತೀರ್ಪು ಮಾತ್ರ ಸಡಿಲವಾಗದಿರಲಿ. ಹುಸಿ ಹೊಗಳಿಕೆ ಆ ಲೇಖಕರಿಗೂ ದುಡ್ಡು ಕೊಟ್ಟು ಪುಸ್ತಕ ಕೊಳ್ಳುವವರಿಗೂ ಮಾಡುವ ಅನ್ಯಾಯ.

ಅಂಕ ಅಥವಾ ನಕ್ಷತ್ರ ಕೊಡಲೇಬೇಕಾದ ಕಡೆ, ಅದು ಆ ಪ್ರಕಾರದೊಳಗಿನ ಹೋಲಿಕೆಯೆಂದು ಸ್ಪಷ್ಟಪಡಿಸಿ. ಪತ್ತೇದಾರಿಯೊಂದಕ್ಕೆ ಕೊಟ್ಟ ನಾಲ್ಕು ನಕ್ಷತ್ರಕ್ಕೂ ಮಹಾಕಾದಂಬರಿಯೊಂದಕ್ಕೆ ಕೊಟ್ಟ ನಾಲ್ಕು ನಕ್ಷತ್ರಕ್ಕೂ ಅರ್ಥ ಒಂದೇ ಅಲ್ಲ.

ಕೊನೆಯ ಪರಿಶೀಲನೆ

ಬರಹವನ್ನು ಹೊರಗೆ ಕಳಿಸುವ ಮುನ್ನ ಪಾತ್ರಗಳ ಹೆಸರು, ಊರುಗಳ ಹೆಸರು, ಲೇಖಕರ ಹೆಸರಿನ ಕಾಗುಣಿತ ಇವನ್ನು ಪುಸ್ತಕದೊಂದಿಗೆ ತಾಳೆ ನೋಡಿ. ಪ್ರಕಾಶನ, ನೀವು ಓದಿದ ಮುದ್ರಣದ ವರ್ಷ, ಪುಟಗಳು, ಬೆಲೆ ಇವನ್ನು ಕೆಳಗೆ ಕೊಡಿ. ಮೊದಲ ಮುದ್ರಣದ ವರ್ಷ ಬೇರೆಯಾಗಿದ್ದರೆ ಅದನ್ನೂ ನಮೂದಿಸಿ, ಏಕೆಂದರೆ 1980ರ ಕೃತಿಯ ಹೊಸ ಮುದ್ರಣವನ್ನು ಹೊಸ ಕಾದಂಬರಿಯೆಂದು ಭಾವಿಸಿ ಓದುವವರು ಆ ಕಾಲದ ಬೆಲೆ, ಬಸ್ಸು, ಮಾತುಕತೆಗಳನ್ನು ಕಂಡು ಗೊಂದಲಕ್ಕೊಳಗಾಗುತ್ತಾರೆ. ಲೇಖಕರು ಅಥವಾ ಪ್ರಕಾಶಕರು ನಿಮಗೆ ಪರಿಚಿತರಾಗಿದ್ದರೆ, ಪುಸ್ತಕ ಉಚಿತವಾಗಿ ಬಂದಿದ್ದರೆ, ಅದನ್ನು ಮರೆಮಾಚದೆ ಆರಂಭದಲ್ಲೇ ತಿಳಿಸಿ. ನಂತರ ಒಮ್ಮೆ ಇಡೀ ಬರಹವನ್ನು ಗಟ್ಟಿಯಾಗಿ ಓದಿ, ಉಸಿರು ಸಾಲದ ವಾಕ್ಯಗಳನ್ನು ಒಡೆದು, ಆ ಕಾದಂಬರಿಯನ್ನು ಇನ್ನೂ ಓದದ ಸ್ನೇಹಿತರೊಬ್ಬರಿಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿ: ಇದನ್ನು ಓದಬೇಕೋ ಬೇಡವೋ ಎಂದು ನಿರ್ಧರಿಸಲು ಈ ಬರಹದಿಂದ ಸಾಧ್ಯವಾಯಿತೇ? ಅವರು ತಡವರಿಸಿದರೆ ಮೂರನೆಯ ಹೆಜ್ಜೆಯಲ್ಲಿ ಬರೆದುಕೊಂಡ ಆ ಒಂದು ವಾಕ್ಯವನ್ನು ಮತ್ತೆ ತೆಗೆದು, ಅದು ಬರಹದಲ್ಲಿ ಎಲ್ಲಿ ಕಳೆದುಹೋಯಿತೆಂದು ಹುಡುಕಿ ತಿದ್ದಿ.